ಗಿರಣಿಯ ಗೋಡೆಯಾಚೆಯ ಮಣ್ಣು

ಚನ್ನಮ್ಮ ವೃತ್ತದಿಂದ ಮನೆಗೆ ಮರಳುವಾಗ ಮಳೆ ಹಿಡಿದು, ಹುಬ್ಬಳ್ಳಿಯ ಬೀಗ ಬಿದ್ದ ಹಳೆಯ ಗಿರಣಿಯೊಂದರ ಒಡೆದ ಗೋಡೆಯ ಬಳಿ ನಿಂತಿದ್ದೆ. ಒಳಗೆ ಜಾಲಿಯ ಬುಡದಲ್ಲಿ ನಿಂತ ನೀರಿನ ಮೇಲೆ ನವಿಲುಗರಿಯ ಬಣ್ಣದ ಎಣ್ಣೆಪದರ ತೇಲುತ್ತಿತ್ತು. ನಡುವೂರಿನ ಜಾಗವನ್ನು ಯಾರೂ ಏಕೆ ಕೊಳ್ಳುವುದಿಲ್ಲವೆಂದು ಚಹಾದಂಗಡಿಯವರು ಕೇಳಿದರು. ಇಂಥ ಮಣ್ಣನ್ನು ಶುದ್ಧಗೊಳಿಸುವ ಖರ್ಚು ಭೂಮಿಯ ಬೆಲೆಯನ್ನೇ ನುಂಗೀತೆಂಬ ಅಂಜಿಕೆ ಕೊಳ್ಳುವವರಿಗೆ ಇದ್ದೇ ಇರುತ್ತದೆ. ಬ್ರಿಟನ್ನಿನಲ್ಲಿ ಕಲುಷಿತ ನೆಲವನ್ನು ಕೊಂಡು ಶುದ್ಧಗೊಳಿಸುವ ಕಂಪನಿಯು ಅರ್ಹ ವೆಚ್ಚದ ಶೇ. 150ರಷ್ಟನ್ನು ತೆರಿಗೆ ಲೆಕ್ಕಹಾಕುವಾಗ ತನ್ನ ಲಾಭದಿಂದ ಕಳೆಯಬಹುದು. 2001ರಿಂದ ಇರುವ ಈ ರಿಯಾಯಿತಿ ನೆಲವನ್ನು ಕೆಡಿಸಿದವರಿಗೆ ಸಿಗುವುದಿಲ್ಲ, ನನಗೆ ಹಿಡಿಸಿದ್ದೂ ಅದೇ. ನಮ್ಮಲ್ಲಿ 2025ರ ಕಲುಷಿತ ತಾಣಗಳ ನಿರ್ವಹಣಾ ನಿಯಮಗಳು ಕೆಡಿಸಿದವರಿಂದಲೇ ಖರ್ಚು ವಸೂಲಾಗಬೇಕೆನ್ನುತ್ತವೆ. ಸರಿಯೇ, ಆದರೆ ಕೊಳ್ಳಲು ಮುಂದೆ ಬರುವವರನ್ನು ಕರೆಯುವ ತೆರಿಗೆ ರಿಯಾಯಿತಿಯ ಆಸೆ ಅವುಗಳಲ್ಲಿಲ್ಲ.