ಹಿಂದೆ ಮುಖ ಮಾಡಿ ಕೂರುವ ಅತ್ತೆ

ಕಾಸರಗೋಡಿನ ನನ್ನ ಸೋದರಮಾವನ ಮನೆಯಲ್ಲಿ ದೋಣಿಗೂ ಪತ್ತನಾಜೆಯೇ ಗಡು. ತುಳುವರ ಬೇಶ ತಿಂಗಳ ಹತ್ತನೇ ದಿನ, ಅಂದರೆ ಮೇ 24ರ ಆಸುಪಾಸು. ಅವತ್ತು ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ಮಾವನ ದೋಣಿಯೂ ನೀರಿನಿಂದ ಮೇಲೆ ಬರುತ್ತದೆ. ಮಳೆ ಹಿಡಿದರೆ ಚಂದ್ರಗಿರಿ ಹೊಳೆ ಕೆಂಪಾಗಿ, ಮೇಲಿನಿಂದ ಮರದ ದಿಮ್ಮಿ ಹೊತ್ತುಕೊಂಡೇ ಬರುವುದು. ಅದಕ್ಕೇ ಈ ಸಲ ಮಕ್ಕಳನ್ನು ಕರಕೊಂಡು ನಾಲ್ಕು ದಿನ ಮುಂಚೆ ಹೋದೆ.

ಮೊದಲ ದಿನ ಹಲಸಿನ ಹಣ್ಣಿನ ಕೊಟ್ಟಿಗೆ (ಎಲೆಯಲ್ಲಿ ಬೇಯಿಸಿದ ಕಡುಬು) ತಿಂದು, ಪುನರ್ಪುಳಿ ಶರಬತ್ತು ಕುಡಿದು ಮುಗಿಯಿತು.

ಮನೆಯಿರುವುದು ಹೊಳೆಯ ಬಡಗು ದಡದಲ್ಲಿ, ಸೇತುವೆಗಳಿಂದ ಸ್ವಲ್ಪ ಮೇಲಕ್ಕೆ. ಫೈಬರ್ ದೋಣಿ, ಹಿಂದೆ 40 ಎಚ್‌ಪಿಯ ಹಳೇ ಟೂ ಸ್ಟ್ರೋಕ್ ಇಂಜಿನ್. ಮಕ್ಕಳನ್ನು ಮೇಲೆ ಹಾಕಿ, ಹಗ್ಗ ಕಟ್ಟಿ, ದೋಣಿಯ ಹಿಂದೆ ನೀರಿನಲ್ಲಿ ಎಳೆಯುವುದಕ್ಕೆ ಲಾರಿ ಟ್ಯೂಬು. ಅದಕ್ಕೆ ಅತ್ತೆ ದಪ್ಪ ಟಾರ್ಪಾಲಿನ ಚೀಲ ಹೊಲಿದಿದ್ದಾರೆ, ಗಾಳಿ ತುಂಬುವ ವಾಲ್ವ್ ಮಕ್ಕಳ ಹೊಟ್ಟೆಗೆ ಗೀರಬಾರದು ಅಂತ. ಪೇಟೆಯಿಂದ ತರುವ ಬಣ್ಣದ ಟ್ಯೂಬುಗಳಿಗಿಂತ ನನಗೆ ಇದೇ ಇಷ್ಟ. ನೀರಿನ ಮೇಲೆ ಗಟ್ಟಿಯಾಗಿ ಕೂರುತ್ತದೆ, ಸುಮ್ನೆ ಹಾರುವುದಿಲ್ಲ.

ಬೆಳಿಗ್ಗೆ ಕಡಲ ಗಾಳಿ ಏಳುವ ಮೊದಲು, ಭರತ, ಅಂದರೆ ಕಡಲಿನ ಉಬ್ಬರ, ತುಂಬಿ ನೀರು ನಿಂತ ಹೊತ್ತಿಗೆ ಇಳಿಯಬೇಕು. ಭರತದ ಹೊತ್ತು ದಿನಾ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಮಾವ ಅದನ್ನು ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಬರೆದಿಟ್ಟಿದ್ದರು. ಸೇತುವೆಯ ಕಂಬಗಳ ಹತ್ತಿರ ಹೋಗುವಂತಿಲ್ಲ. ಅಳಿವೆಯ ಕಡೆಗಂತೂ ಇಲ್ಲವೇ ಇಲ್ಲ. ಲೈಫ್ ಜಾಕೆಟ್ ಬಿಗಿಯಾಗಿದೆಯೋ ಅಂತ ಅತ್ತೆ ಪ್ರತಿ ಮಗುವಿನ ಭುಜದ ಪಟ್ಟಿ ಹಿಡಿದು ಎತ್ತಿ ನೋಡಿದರು. ಪಟ್ಟಿ ಕಿವಿಯ ತನಕ ಬಂದರೆ ಮತ್ತೆ ಬಿಚ್ಚಿ ಕಟ್ಟುವುದು.

ಆಮೇಲೆ ಅತ್ತೆ ಇಂಜಿನ್ನಿನ ಪಕ್ಕದ ಹಲಗೆಯ ಮೇಲೆ ಹಿಂದೆ ಮುಖ ಮಾಡಿ ಕೂತರು. ಕೈಯಲ್ಲಿ ಒಂದು ಕೆಂಪು ಬಟ್ಟೆ. ದೋಣಿ ಬಿಡುವವನು ಮುಂದೆ ನೋಡಬೇಕು, ಟ್ಯೂಬಿನ ಮೇಲಿರುವವರನ್ನು ನೋಡುವುದಕ್ಕೆ ಇನ್ನೊಬ್ಬರು ಬೇಕೇ ಬೇಕು. ಟ್ಯೂಬಿನ ಮೇಲಿರುವವರು ಹೆಬ್ಬೆರಳು ಮೇಲೆ ಮಾಡಿದರೆ ಜಾಸ್ತಿ ವೇಗ, ಕೆಳಗೆ ಮಾಡಿದರೆ ಕಮ್ಮಿ. ಕೈಯಿಂದ ಕುತ್ತಿಗೆ ಸವರಿದರೆ ನಿಲ್ಲಿಸು. ಯಾರಾದರೂ ಬಿದ್ದರೆ ಕೆಂಪು ಬಟ್ಟೆ ಮೇಲೆ. ಮಾವ ತಿರುಗಿ ನೋಡುವುದೇ ಇಲ್ಲ, ಅತ್ತೆಯ ಮಾತು ಕೇಳಿಯೇ ವೇಗ ಹಿಡಿಯುತ್ತಾರೆ, ಬಿಡುತ್ತಾರೆ.

"ಎಷ್ಟು ವರ್ಷ ಆಯ್ತು ಅತ್ತೆ, ಹೀಗೆ ಕೂತು?" ಅಂತ ಕೇಳಿದೆ.

"ನಿನ್ನ ಮಾವ ದೋಣಿ ತಂದಲ್ಲಿಂದ."

"ಮುಂದೆ ಕೂತೇ ಇಲ್ವಾ?"

"ಎಂತಕ್ಕೆ? ಬೀಳುವ ಮಕ್ಕಳು ಹಿಂದೆ ಅಲ್ವಾ ಇರುದು?" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೋಟೆಯ ಕಡೆ ಗಲ್ಲ ಎತ್ತಿದರು. ಕೆಳದಿಯ ಶಿವಪ್ಪ ನಾಯಕ 17ನೇ ಶತಮಾನದಲ್ಲಿ ಕಟ್ಟಿಸಿದ ಚಂದ್ರಗಿರಿ ಕೋಟೆ ಆಚೆ ದಡದ ಗುಡ್ಡದಲ್ಲಿದೆ. "ನನಗೆ ಆ ಕೋಟೆ ಯಾವಾಗ್ಲೂ ದೂರ ಹೋಗುದೇ ಕಾಣುದು. ಸಣ್ಣ ಆಗ್ತಾ ಆಗ್ತಾ ತೆಂಗಿನ ಮರದ ಎಡೆಗೆ ಹೋಗ್ತದೆ. ಅದು ಕಾಣದ ಹಾಗೆ ಆದ ಕೂಡ್ಲೇ ನಾನು ಹೇಳ್ತೇನೆ, ಇನ್ನು ತಿರುಗಿಸಿ ಅಂತ."

ನಾನೂ ಅವರ ಪಕ್ಕದಲ್ಲಿ ಹಿಂದೆ ಮುಖ ಮಾಡಿ ಕೂತೆ. ಬಿಳಿ ನೊರೆಯ ಎರಡು ಗೆರೆ, ನಡುವೆ ಕಿರುಚುವ ನನ್ನ ಮಗ, ಅವನ ಹಿಂದೆ ಸಣ್ಣದಾಗುತ್ತಾ ಹೋಗುವ ಕೋಟೆ. ಅಷ್ಟು ಹೊತ್ತೂ ಅತ್ತೆ ಒಮ್ಮೆಯೂ ಅವನ ಮೇಲಿಂದ ಕಣ್ಣು ತೆಗೆಯಲಿಲ್ಲ.

ಎರಡನೇ ದಿನದ ಸಿಟ್ಟು ನನಗಿನ್ನೂ ಆರಿಲ್ಲ. ಬೆಂಗಳೂರಿನ ಒಂದು ಅಂಗಡಿಯಲ್ಲಿ "ನೀರಿನ ಆಟಕ್ಕೇ ಮಾಡಿದ್ದು" ಅಂತ ಹೇಳಿ ಕೊಟ್ಟ ಹಗ್ಗ ತಂದಿದ್ದೆ. ಅದು ಬರೀ ನೈಲಾನ್. ನೈಲಾನ್ ನೀರಿನಲ್ಲಿ ಮುಳುಗುತ್ತದೆ. ಮಗ ಬಿದ್ದ, ಮಾವ ಸುತ್ತು ಹಾಕಿ ಹತ್ತಿರ ಬಂದರು, ಸಡಿಲವಾದ ಹಗ್ಗ ಅಡಿಗೆ ಇಳಿದು ಪ್ರೊಪೆಲ್ಲರಿಗೆ ಸುತ್ತಿಕೊಂಡಿತು. ಇಂಜಿನ್ ಕೆಮ್ಮಿ ನಿಂತಿತು. ಎಳೆಯುವ ಹಗ್ಗ ತೇಲಲೇಬೇಕು. ಮೀನುಗಾರರ ಸಾಮಾನಿನ ಅಂಗಡಿಯಲ್ಲಿ ಸಿಗುವ ಪಾಲಿಪ್ರೊಪಿಲೀನ್ ಹಗ್ಗ ತೇಲುತ್ತದೆ. ಕೊಳ್ಳುವ ಮೊದಲು ಒಂದು ತುಂಡು ಬಕೆಟಿನ ನೀರಿಗೆ ಹಾಕಿ ನೋಡಿ.

ಹುಟ್ಟು ಹಾಕಿಕೊಂಡು ದಡ ಸೇರಿದೆವು. ಮಾವ ಬೈಯಲಿಲ್ಲ. ಹಗ್ಗ ಕೊಯ್ದು, ನಟ್ಟು ಬಿಚ್ಚಿ, ಪ್ರೊಪೆಲ್ಲರನ್ನು ಎಳೆದು ತೆಗೆದರು. ಶಾಫ್ಟಿನ ಬುಡದಲ್ಲಿ ಕೂದಲಿನಷ್ಟು ಸಪೂರದ ಗಾಳದ ದಾರ, ಹತ್ತಿಪ್ಪತ್ತು ಸುತ್ತು. ಅದು ನಮ್ಮ ಹಗ್ಗದ್ದಲ್ಲ. ಯಾರೋ ಹೊಳೆಯಲ್ಲಿ ಬಿಟ್ಟದ್ದು, ಯಾವಾಗಲೋ ಸುತ್ತಿಕೊಂಡು ಒಳಗಿನ ರಬ್ಬರ್ ಸೀಲನ್ನು ಕೊಯ್ಯುತ್ತಾ ಇತ್ತು. ಮಾವ ಗೇರ್ ಪೆಟ್ಟಿಗೆಯ ಕೆಳಗಿನ ತಿರುಪು ಬಿಚ್ಚಿ ಎಣ್ಣೆಯನ್ನು ಅಂಗೈಗೆ ಬಿಟ್ಟುಕೊಂಡರು. ಜೇನಿನ ಬಣ್ಣ ಇರಬೇಕಾದ್ದು ಹಾಲು ಹಾಕಿದ ಚಹಾದ ಹಾಗಿತ್ತು.

"ನೀರು ಹೋಗಿದೆ," ಅಂದರು. "ನಿನ್ನ ಹಗ್ಗ ಸುತ್ತದಿದ್ರೆ ಇದು ಗೊತ್ತೇ ಆಗ್ತಿರ್ಲಿಲ್ಲ. ಮಳೆಗಾಲ ಇಡೀ ಹೀಗೇ ಕೂತಿದ್ರೆ ಒಳಗಿನ ಗೇರು ಪೂರಾ ತುಕ್ಕು."

ಹೊಸ ಎಣ್ಣೆಯನ್ನು ಕೆಳಗಿನ ತೂತಿನಿಂದಲೇ ತುಂಬುವುದು. ಮೇಲಿನ ತೂತಿನಲ್ಲಿ ಉಕ್ಕಿದ ಮೇಲೆ ಮೊದಲು ಮೇಲಿನ ತಿರುಪು, ಆಮೇಲೆ ಕೆಳಗಿನದು. ಮೇಲಿನಿಂದ ಸುರಿದರೆ ಗಾಳಿ ಒಳಗೇ ನಿಲ್ಲುತ್ತದಂತೆ. ನಂತರ ಸಿಹಿನೀರಿನ ಡ್ರಮ್ಮಿನಲ್ಲಿ ಇಂಜಿನ್ ಇಳಿಸಿ ಹತ್ತು ನಿಮಿಷ ಓಡಿಸಿದರು. ಮೇ ತಿಂಗಳಲ್ಲಿ ಹೊಳೆ ಪೂರಾ ಉಪ್ಪು, ಹಾಗಾಗಿ ಒಳಗೆಲ್ಲ ತೊಳೆಯಬೇಕು. ಪಕ್ಕದ ಸಣ್ಣ ತೂತಿನಿಂದ ನೀರು ಸರಿಯಾಗಿ ಚಿಮ್ಮುತ್ತಿದೆಯೋ ಅಂತ ನನ್ನ ಮಗಳು ಕೈ ಒಡ್ಡಿ ನೋಡುತ್ತಿದ್ದಳು. ಕೊನೆಗೆ ಪೆಟ್ರೋಲ್ ಪೈಪು ಕಳಚಿ, ಕಾರ್ಬುರೇಟರಿನಲ್ಲಿದ್ದದ್ದು ಉರಿದು ತಾನಾಗಿ ನಿಲ್ಲುವ ತನಕ ಬಿಟ್ಟರು. ಉಪ್ಪುನೀರು ಅಲ್ಯೂಮಿನಿಯಮ್ಮನ್ನು ಬಿಟ್ಟು ಮೊದಲು ತನ್ನನ್ನೇ ತಿನ್ನಲಿ ಅಂತ ಇರುವ ಸತುವಿನ ತುಂಡು ಅರ್ಧಕ್ಕಿಂತ ಹೆಚ್ಚು ಸವೆದಿತ್ತು. ಅದನ್ನೂ ಬದಲಾಯಿಸಿದರು.

ಕೊನೆಯ ದಿನ, ಮೆಲ್ಲ ಹೋದರೆ ಒಂದು ಸುತ್ತಿಗೆ ತೊಂದರೆ ಇಲ್ಲ ಅಂದರು ಮಾವ. ಟ್ಯೂಬು ಕಟ್ಟಲಿಲ್ಲ. "ಇವತ್ತಾದರೂ ಮುಂದೆ ಕೂತ್ಕೊಳ್ಳಿ ಅತ್ತೆ," ಅಂದೆ. ಕೂತರು. ಎರಡು ನಿಮಿಷ ಆಗಿರಬಹುದು, "ಕಣ್ಣಿಗೆ ಗಾಳಿ ಹೊಡೀತದೆ" ಅಂತ ಎದ್ದು ಬಂದು ತಮ್ಮ ಹಲಗೆಯ ಮೇಲೆ ಹಿಂದೆ ಮುಖ ಮಾಡಿ ಕೂತರು. ಕೋಟೆ ತೆಂಗಿನ ಮರಗಳ ಎಡೆಗೆ ಹೋದ ಮೇಲೆ "ಇನ್ನು ತಿರುಗಿಸಿ" ಅಂದರು.

ಸಂಜೆ ತೆಂಗಿನ ಕಾಂಡದ ತುಂಡುಗಳ ಮೇಲೆ ಉರುಳಿಸಿ ದೋಣಿಯನ್ನು ಮೇಲೆ ಎಳೆದೆವು. ಇಂಜಿನ್ ಕೊಟ್ಟಿಗೆಯಲ್ಲಿ ನೆಟ್ಟಗೆ ನಿಂತಿತು. ಹೊಸ ಸೀಲು ಮಂಗಳೂರಿನಿಂದ ಬರಬೇಕು. ನಾನು ಊರಿಗೆ ಬಂದ ಮೇಲೆ 20 ಮೀಟರ್ ಹಗ್ಗ ಕಳಿಸಿದೆ, ಬಕೆಟಿಗೆ ಹಾಕಿ ನೋಡಿಯೇ.