ಎಷ್ಟು ಕೋಲು?

ಕಾಸರಗೋಡಿನ ಪೆರಿಯ ಕ್ಯಾಂಪಸ್ಸಿನಿಂದ ಅಕ್ಕನ ಮಗಳು ಬಂದಿದ್ದಳು. ಕೆಮಿಸ್ಟ್ರಿಯಲ್ಲಿ ಪಿಎಚ್‌ಡಿ. ಅವಳ ಸಂಶೋಧನೆಯ ಪೋಸ್ಟರಿಗೆ ಬಹುಮಾನ ಬಂತಂತೆ. ಸರ್ಟಿಫಿಕೇಟ್ ಬ್ಯಾಗಿನಿಂದ ಹೊರಗೇ ಬರಲಿಲ್ಲ. ತೋರಿಸಿದ್ದು ಮೊಬೈಲಿನ ಒಂದು ಫೋಟೋ.

ಸಣ್ಣ ಬಾಟಲಿಯ ತಳದಲ್ಲಿ ನಾಲ್ಕೈದು ನೇರಳೆ ಹರಳು. ಮೂರು ವಾರ ಅಲುಗಾಡಿಸದೆ ಇಟ್ಟಿದ್ದಳಂತೆ. ಸಾಸಿವೆಯಷ್ಟೂ ಇಲ್ಲ!

"ಇದರೊಳಗೆಲ್ಲ ಬರೀ ತೂತು ಅಜ್ಜ. 2025ರ ಕೆಮಿಸ್ಟ್ರಿ ನೊಬೆಲ್ ಇಂಥದ್ದಕ್ಕೇ. ಗೆದ್ದವರಲ್ಲಿ ಒಬ್ಬರು, ಯಾಘಿ ಅನ್ನುವವರು, ಇಂಥ ತೂತುಗಳಲ್ಲೇ ಹಿಡಿದು ಮರುಭೂಮಿಯ ಗಾಳಿಯಿಂದ ನೀರು ತೆಗೆದರು."

ಅಜ್ಜ ಪ್ರಾಯದಲ್ಲಿ ನೀರಿನ ಸುರಂಗ ತೋಡಿದವರು, ಉದ್ದವನ್ನು ಕೋಲಿನಲ್ಲಿ ಅಳೆದವರು. ಮುರಕಲ್ಲಿನ ಗುಡ್ಡದೊಳಗೆ, ಬಗ್ಗಿ ಕೂತು, ಮೊಂಬತ್ತಿ ಬೆಳಕಲ್ಲಿ. ಇವತ್ತಿಗೂ ನಮ್ಮ ತೋಟಕ್ಕೆ ಅದೇ ನೀರು. ಅವರಿಗೂ ಯಾರಾದರೂ ಒಂದು ಶಾಲು ಹೊದಿಸಬಹುದಿತ್ತು, ಅಲ್ವಾ?

ಅಜ್ಜ ಫೋಟೋ ದೊಡ್ಡದು ಮಾಡಿಸಿ ತುಂಬ ಹೊತ್ತು ನೋಡಿದರು.

"ತೂತು ಎಷ್ಟು ಕೋಲು ಉದ್ದ?"