ಹಳೇ ಪ್ರೆಸ್ಸಿನ ಸ್ಪ್ಯಾನರ್‌ಗಳು: ಗುರುತು ಹಿಡಿಯುವ ಕೆಲಸ ಎಲ್ಲಿಗೆ ಬಂತು

ಹಳೇ ಅಚ್ಚುಕೂಟದ ಈ ಸ್ಪ್ಯಾನರ್‌ಗಳು ಲೈನೋಟೈಪ್‌ನವೋ ಅಲ್ಲವೋ ಅಂತ ಗುರುತು ಹಿಡಿಯುತ್ತಿದ್ದೇನೆ; ಲೈನೋಟೈಪ್ ಅಂದರೆ ಅಕ್ಷರದ ಇಡೀ ಸಾಲನ್ನು ಒಟ್ಟಿಗೆ ಲೋಹದಲ್ಲಿ ಎರಕ ಹೊಯ್ಯುವ ಯಂತ್ರ. ಗುಜರಿಯಿಂದ ತಂದ ಸ್ಪ್ಯಾನರ್‌ಗಳು ಸೀಮೆಎಣ್ಣೆಯಿಂದ ಹೊರಬಂದಿವೆ. ತಂತಿ ಬ್ರಷ್ ಮುಟ್ಟಿಸಿಲ್ಲ. ಮುಟ್ಟಿಸಿದರೆ ಮೇಲುಮೇಲೆ ಒತ್ತಿದ ಅಕ್ಷರಗಳು ತುಕ್ಕಿನ ಜೊತೆಗೇ ಅಳಿಸಿಹೋಗುತ್ತವೆ, ಹತ್ತಿಬಟ್ಟೆಯೇ ಸಾಕು.

ಟಿ ಆಕಾರದ, ತುದಿಯಲ್ಲಿ ಹಲ್ಲಿರುವ ಒಂದನ್ನು ಮೊದಲೇ ಬೇರೆ ಇಟ್ಟೆ. ಇಂಥದ್ದನ್ನು ಲೈನೋಟೈಪ್ ಸ್ಪ್ಯಾನರ್ ಅಂತ ಮಾರುವವರಿದ್ದಾರೆ. ಇದು ಕ್ವಾಯಿನ್ ಕೀಲಿ. ಚೌಕಟ್ಟಿನೊಳಗೆ ಜೋಡಿಸಿದ ಅಚ್ಚಿನ ಮೊಳೆಗಳು, ಅಂದರೆ ಅಕ್ಷರದ ಲೋಹದ ತುಂಡುಗಳು, ಅಲ್ಲಾಡದಂತೆ ಬೆಣೆ ಬಿಗಿಯುವುದಕ್ಕೆ ಬೇಕಾದದ್ದು, ಕೈಯಲ್ಲೇ ಮೊಳೆ ಜೋಡಿಸುವ ಪ್ರೆಸ್ಸಿನಲ್ಲೂ ಇರುತ್ತಿತ್ತು.

ಉಳಿದವುಗಳಲ್ಲಿ ಸ್ವಾರಸ್ಯ ಇರುವುದು ಬಾಯಿಯ ಅಳತೆಯಲ್ಲಿ. 1886ರಲ್ಲಿ ನ್ಯೂಯಾರ್ಕ್ ಟ್ರಿಬ್ಯೂನ್ ಪತ್ರಿಕೆಯಲ್ಲಿ ಕೆಲಸ ಶುರುಮಾಡಿದ ಲೈನೋಟೈಪ್ ಮುಂದೆ ಅಮೆರಿಕದ ಬ್ರೂಕ್ಲಿನ್‌ನಲ್ಲೂ ಇಂಗ್ಲೆಂಡಿನ ಆಲ್ಟ್ರಿಂಚಮ್‌ನಲ್ಲೂ ತಯಾರಾಯಿತು. ಹಾಗಾಗಿ ಪ್ರೆಸ್ಸಿನ ಪೆಟ್ಟಿಗೆಯಲ್ಲಿ ಎರಡೂ ದೇಶದ ಸ್ಪ್ಯಾನರ್ ಬೆರೆತಿದ್ದರೆ ಆಶ್ಚರ್ಯವಿಲ್ಲ. ವಿಟ್ವರ್ತ್ ಅನ್ನುವುದು ಬ್ರಿಟಿಷರ ಹಳೇ ಬೋಲ್ಟ್ ಅಳತೆಯ ಪದ್ಧತಿ; ಆ ಸ್ಪ್ಯಾನರ್ ಮೇಲಿನ 3/8 ಅನ್ನುವುದು ಇಂಚಿನಲ್ಲಿ ಬೋಲ್ಟಿನ ದಪ್ಪ, ಬಾಯಿಯ ಅಗಲವಲ್ಲ. ಅಮೆರಿಕದ ಹಳೇ ಸ್ಪ್ಯಾನರ್‌ಗಳಲ್ಲೂ ಎಷ್ಟೋ ಸಲ ಹಾಗೆಯೇ. ಆದರೆ 3/8ಕ್ಕೆ ವಿಟ್ವರ್ತ್ ಬಾಯಿ 0.710 ಇಂಚು, ಅಂದರೆ 18.03 ಮಿ.ಮೀ.; ಅಮೆರಿಕದ ಹಳೇ ಅಳತೆಯಲ್ಲಿ 11/16 ಇಂಚು, ಅಂದರೆ 17.46 ಮಿ.ಮೀ. ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು ಅಂತರ, ಸೂಕ್ಷ್ಮವಾಗಿ ಅಳೆಯುವ ವರ್ನಿಯರ್ ಕ್ಯಾಲಿಪರ್‌ಗೆ ಸುಲಭವಾಗಿ ಸಿಗುತ್ತದೆ. 1/4ರಲ್ಲೂ ಅಷ್ಟೇ ಸ್ಪಷ್ಟ. 5/16ನ್ನು ಮಾತ್ರ ನಂಬಬೇಡಿ: ವಿಟ್ವರ್ತ್ 15.24, ಅಮೆರಿಕದ್ದು 15.08 ಮಿ.ಮೀ., ನಡುವಿನ ಅಂತರ ಬಳಕೆಯ ಸವೆತದಲ್ಲೇ ಮುಚ್ಚಿಹೋಗುತ್ತದೆ.

ಅಳೆಯುವುದು ಬಾಯಿಯ ತುದಿಯಲ್ಲಲ್ಲ, ಒಳಮೂಲೆಯ ಹತ್ತಿರ. ತುದಿ ಸವೆದು ಅಗಲವಾಗಿರುತ್ತದೆ. ನನ್ನ ಒಂದು ಸ್ಪ್ಯಾನರ್‌ನ 3/8 ಬಾಯಿ ತುದಿಯಲ್ಲಿ 18 ತೋರಿಸಿತು, ಒಳಗೆ 17.5. ಸವೆತದಿಂದ ಬಾಯಿ ಹಿಗ್ಗುತ್ತದೆಯೇ ಹೊರತು ಕುಗ್ಗುವುದಿಲ್ಲ, ಹಾಗಾಗಿ ಇದು ವಿಟ್ವರ್ತ್ ಅಲ್ಲವೇ ಅಲ್ಲ.

ಇಷ್ಟಾದರೂ ಗೊತ್ತಾಗುವುದು ಅಳತೆಯ ಪದ್ಧತಿ ಮಾತ್ರ, ಯಂತ್ರ ಯಾವುದೆಂದಲ್ಲ. ಅದಕ್ಕೆ ಬಿಡಿಭಾಗದ ಸಂಖ್ಯೆಯೇ ಬೇಕು: ಭಿನ್ನರಾಶಿಯಿಲ್ಲದೆ, ಇಂಗ್ಲಿಷ್ ಅಕ್ಷರದ ಜೊತೆ ಅಂಕಿ. ಅಂಥದ್ದು ಒಂದರಲ್ಲಿದೆ, ನನಗೆ ತುಂಬ ಖುಷಿ ಕೊಟ್ಟದ್ದೂ ಅದೇ. ಕೊನೆಯ ಅಂಕಿ ಇನ್ನೂ ಮಸುಕು. ಸೀಮೆಸುಣ್ಣ ತಿಕ್ಕಿ, ಓರೆ ಬೆಳಕಿನಲ್ಲಿ ಫೋಟೋ ತೆಗೆದು, ಹಳೇ ಬಿಡಿಭಾಗಗಳ ಕ್ಯಾಟಲಾಗ್ ಜೊತೆ ಹೋಲಿಸುವುದು ಮುಂದಿನ ಕೆಲಸ.